ಇಪ್ಪತ್ತೈದು ನಾರ್ಮಲ್ ಹೃದಯಗಳು

ಸಾಲ್ಟ್ ಲೇಕ್, ಕೋಲ್ಕತ್ತಾ
ಭಾನುವಾರ, 9 ಮಾರ್ಚ್ 2025

ಮಗಳೇ ನಿಹಾರಿಕಾ,

ಅಮ್ಮನ ಆಶೀರ್ವಾದ. ಕಾಗದ ಬರೆಯುತ್ತೇನೆಂದು ಹೇಳಿ ಒಂದು ತಿಂಗಳಾಯಿತು, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಅಮ್ಮಾ, ವಾರ್ಡಲ್ಲಿದೀನಿ" ಅನ್ನುತ್ತೀ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ನಿನಗೆ ಅಕ್ಷರ ತಿದ್ದಿಸಿದವರು ನಿಮ್ಮಪ್ಪ. ಅವರ ವಿಷಯವನ್ನು ನೀನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದು.

ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಮಧ್ಯಾಹ್ನ ಎರಡು ತುತ್ತು ಸಾರನ್ನ ತಿನ್ನುತ್ತಾರೆ, ರಾತ್ರಿ ಅದೂ ಬೇಡ. ಇಷ್ಟು ಸೆಖೆಯಲ್ಲೂ ಶಾಲು ಹೊದ್ದು ಬಾಲ್ಕನಿಯಲ್ಲಿ ಕೂರುತ್ತಾರೆ. ರೋಗ ಮೂತ್ರಪಿಂಡದಿಂದ ಶ್ವಾಸಕೋಶಕ್ಕೆ ಹತ್ತಿದೆ, ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ ಎಂಬುದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ರಿಪೋರ್ಟುಗಳನ್ನೆಲ್ಲ ಡಾಕ್ಟರರಿಂದ ನೇರವಾಗಿ ತರಿಸಿಕೊಂಡು ನನಗಿಂತ ಮೊದಲೇ ಓದಿದ್ದೀ. ಓದಿದೆ, ಆದರೆ ಬರಲಿಲ್ಲ. ದೆಹಲಿಯಿಂದ ಇಲ್ಲಿಗೆ ವಿಮಾನದಲ್ಲಿ ಎರಡೂಕಾಲು ಗಂಟೆ. ನವೆಂಬರಿನಿಂದ ಇವತ್ತಿಗೆ ನಾಲ್ಕು ತಿಂಗಳು.

ಇವತ್ತು ಭಾನುವಾರ ಅಲ್ಲವೇ, ಹತ್ತು ಗಂಟೆಗೇ ಅಂಗಿಯ ಗುಂಡಿ ಬಿಚ್ಚಿಕೊಂಡು ಕೂತರು. "ಏನ್ರೀ ಇದು?" ಅಂದೆ. "ಹಾಗೇ, ಅಭ್ಯಾಸ ಬಲ" ಎಂದು ನಕ್ಕರು. ನಾನೇ ಗುಂಡಿಗಳನ್ನು ಮತ್ತೆ ಹಾಕಿದೆ.

ನೆನಪಿದೆಯಾ? ಹೋದ ವರ್ಷ ಜೂನ್‌ನಲ್ಲಿ ನೀನು ಆಸ್ಪತ್ರೆಯಿಂದ ಆ ಪುಟ್ಟ ಸ್ಕ್ಯಾನ್ ಮಿಷಿನ್ ತಂದದ್ದು. ಹೊರಗೆ ತರಬಾರದಂತೆ, ಆದರೂ ತಂದೆ. ಗಡ್ಡ ಹೆರೆಯುವ ಮಿಷಿನ್ನಿನಷ್ಟೇ ಗಾತ್ರ, ಅದರ ವೈರನ್ನು ನಿನ್ನ ಫೋನಿಗೇ ಸಿಕ್ಕಿಸುವುದು. ಇನ್ನು ಮುಂದೆ ಡಾಕ್ಟರುಗಳೆಲ್ಲ ರೋಗಿಯನ್ನು ಮುಟ್ಟಿ ನೋಡುವಾಗಲೇ ಇದನ್ನೂ ಇಟ್ಟು ನೋಡುತ್ತಾರೆ, ಅದಕ್ಕೆ ತರಬೇತಿ, ಸರ್ಟಿಫಿಕೇಟಿಗೆ ಇಪ್ಪತ್ತೈದು ನಾರ್ಮಲ್ ಹೃದಯ ನೋಡಿ ಬರೆದುಕೊಳ್ಳಬೇಕು ಎಂದೆ. ಮೊದಲ ದಿನ "ಜಸ್ಟ್ ಪ್ರಾಕ್ಟೀಸ್, ಅಪ್ಪಾ" ಅಂತ ಹೇಳಿದ್ದೆ. ಹೇಳಲಿಲ್ಲ ಎನ್ನುವುದಿಲ್ಲ. ಆದರೆ ಮೂರನೆಯ ವಾರದ ಹೊತ್ತಿಗೆ ನಿಮ್ಮಪ್ಪನ ಬಾಯಲ್ಲಿ ಅದು ಚೆಕಪ್ ಆಗಿತ್ತು. ನೀನು ತಿದ್ದಲಿಲ್ಲ.

ಹೇಗೆ ತಿದ್ದುತ್ತೀ? ಅವರ ಸಂಭ್ರಮ ನೋಡಬೇಕಿತ್ತು. ಸ್ನಾನ ಮಾಡಿ ಎದೆಗೆ ಪೌಡರ್ ಹಾಕಿಕೊಂಡು "ಬಾರಮ್ಮ, ಇಸ್ತ್ರಿ ಹಾಕು" ಎಂದು ಎಡಮಗ್ಗುಲಿಗೆ ಮಲಗುತ್ತಿದ್ದರು. "ಅಪ್ಪಾ, ಬ್ರೆತ್ ಹೋಲ್ಡ್ ಮಾಡು. ಹಾಂ, ಗುಡ್. ನಾರ್ಮಲ್" ಅನ್ನುತ್ತಿದ್ದೆ. ನೀನು ಕಾಲೇಜಿಗೆ ಸೇರಿದ ಮೇಲೆ ಅಪ್ಪನನ್ನು ಮುಟ್ಟಿದ್ದೇ ಆಗ. ಅವರು ನಿನ್ನ ಮುಖ ನೋಡುತ್ತಿದ್ದರು, ನೀನು ಫೋನು ನೋಡುತ್ತಿದ್ದೆ.

ಆಗಸ್ಟಿನಲ್ಲಿ ಆಫೀಸಿನವರು ಪಿಂಚಣಿದಾರರಿಗೆ ಮಾಡಿಸುವ ವರ್ಷದ ತಪಾಸಣೆಗೆ ಕರೆ ಬಂತು. ನಿಮ್ಮಪ್ಪ ಹೋಗಲಿಲ್ಲ. ನಮ್ಮ ಬಡಾವಣೆಯ ಡಾಕ್ಟರ್ ಮಿಹಿರ್ ಬಾಬು ದಾರಿಯಲ್ಲಿ ಸಿಕ್ಕಿ "ಯಶವಂತ ಬಾಬು, ಈ ವರ್ಷ ನನ್ನ ಕಡೆ ತಲೆಯನ್ನೇ ಹಾಕಲಿಲ್ಲ" ಎಂದರೆ, "ನನ್ನ ಮಗಳು ವಾರಕ್ಕೊಂದು ಸಲ ಒಳಗನ್ನೆಲ್ಲ ನೋಡ್ತಾಳೆ ಸಾರ್" ಎಂದು ಜಂಬ ಕೊಚ್ಚಿದರು. ಒಳಗನ್ನೆಲ್ಲ!

ಸೆಪ್ಟೆಂಬರಿನಲ್ಲಿ ನೀನು ದೆಹಲಿಗೆ ಹೋದೆ. ನವೆಂಬರಿನಲ್ಲಿ ಬೆನ್ನುನೋವು ತಡೆಯಲಾರದೆ ಅದೇ ಮಿಹಿರ್ ಬಾಬು ಹತ್ತಿರ ಹೋದೆವು. ಆತ ಒಂದು ಕೈ ಬೆನ್ನ ಕೆಳಗೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟು ಒತ್ತಿ, ಅದೇ ಜಾಗವನ್ನು ಮತ್ತೆ ಒತ್ತಿ ನೋಡಿದರು. ಆಮೇಲೆ "ಯಾವಾಗಲಾದರೂ ಮೂತ್ರ ಕೆಂಪಗೆ ಹೋಗಿತ್ತಾ?" ಎಂದು ಕೇಳಿದರು. ನಿಮ್ಮಪ್ಪ ಒಂದು ಸಲ ನನ್ನ ಕಡೆ ನೋಡಿ "ಇಲ್ಲ" ಎಂದರು.

ಹೊರಗೆ ಬಂದ ಮೇಲೆ ನಾನು ಒಬ್ಬಳೇ ವಾಪಸು ಹೋಗಿ ಕೇಳಿದೆ, ಆ ಮಿಷಿನ್ ದಂಡವೇ ಅಂತ. "ಮಿಷಿನ್ ಒಳ್ಳೆಯದೇ. ಎದೆಯಿಂದ ನಾಲ್ಕು ಬೆರಳು ಕೆಳಗೆ ಇಟ್ಟು ನೋಡಿದ್ದರೆ ಗಡ್ಡೆ ನನ್ನ ಕೈಗಿಂತ ಎಷ್ಟೋ ಮೊದಲು ಅದಕ್ಕೆ ಸಿಕ್ಕುತ್ತಿತ್ತು" ಎಂದರು. ನಾಲ್ಕು ಬೆರಳು ನಿಹಾರಿಕಾ. ಜೂನಿನಿಂದ ಆಗಸ್ಟ್‌ವರೆಗೆ ಹನ್ನೊಂದು ಭಾನುವಾರ!

ಹನ್ನೊಂದು ಎಂದು ಹೇಗೆ ಗೊತ್ತಾಯಿತು ಅನ್ನುತ್ತೀಯಾ? ಬೀರು ಒರೆಸುವಾಗ ನಿನ್ನ ತರಬೇತಿಯ ಪುಸ್ತಕ ಸಿಕ್ಕಿತು. ಇಪ್ಪತ್ತೈದು ಸಾಲು. ಅದರಲ್ಲಿ ಹನ್ನೊಂದರಲ್ಲಿ "ಪುರುಷ, 64, ನಾರ್ಮಲ್". ಬಿಬಿಡಿ ಬಾಗ್‌ನ ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಹಿ ಹೋಲಿಸಿ ನೋಡಿದವಳು ನಾನು, ನನ್ನ ಮಗಳ ಅಕ್ಷರ ಗೊತ್ತಾಗುವುದಿಲ್ಲವೇ? ಹೆಸರೂ ಇಲ್ಲ, ಅಪ್ಪ ಅಂತಲೂ ಇಲ್ಲ. ಆ ಪುಸ್ತಕವನ್ನು ಗೋಡೆಗೆ ಎಸೆದೆ. ಆಮೇಲೆ ಎತ್ತಿ, ನಿಮ್ಮಪ್ಪನ ಕೈಗೆ ಸಿಗದ ಹಾಗೆ ನನ್ನ ಸೀರೆಗಳ ಅಡಿಯಲ್ಲಿ ಇಟ್ಟೆ.

ಯಾಕೆಂದರೆ ಅವರು ನೋಡಲು ಬಂದವರಿಗೆಲ್ಲ ಹೇಳುವುದು ಒಂದೇ ಮಾತು. ಮೇಲಿನ ಮನೆಯ ಗೌರಿ ಬೌದಿ "ಮನೆಯಲ್ಲೇ ಡಾಕ್ಟರ್ ಇದ್ದೂ ಹೀಗಾಯಿತಲ್ಲಾ" ಎಂದರು. ನಿಮ್ಮಪ್ಪ ಎದ್ದು ಕೂತು ಹೇಳಿದರು: "ಅವಳು ನೋಡಿದಾಗ ಇರಲಿಲ್ಲ ಬೌದಿ. ಅವಳು ಹೋದ ಮೇಲೆ ಬಂದದ್ದು. ಇದ್ದಿದ್ರೆ ನನ್ನ ಮಗಳು ಬಿಡ್ತಾ ಇದ್ಳಾ?" ಅಷ್ಟು ಹೇಳುವುದರೊಳಗೆ ಏದುಸಿರು ಬಂತು. ನಾನು ನೀರು ತರುವ ನೆಪದಲ್ಲಿ ಒಳಗೆ ಎದ್ದು ಹೋದೆ.

ನೀನು ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತು. ರಜೆ ಇಲ್ಲ ಎಂಬ ಕಥೆ ಬೇಡ. ಅವರ ಮುಖ ನೋಡುವ ಧೈರ್ಯ ನಿನಗಿಲ್ಲ. ಒಳ್ಳೆ ಡಾಕ್ಟರ್ ಕಣೇ ನೀನು! ಊರವರ ಸಾವು ನೋಡಬಲ್ಲೆ, ಅಪ್ಪನದೊಂದನ್ನು ಬಿಟ್ಟು.

ಬಾ. ಬಂದು ತಪ್ಪಾಯಿತು ಎಂದು ಅವರ ಮುಂದೆ ಅಳಬೇಡ, ಆ ನಂಬಿಕೆಯೊಂದನ್ನು ಅವರಿಂದ ಕಿತ್ತುಕೊಳ್ಳಬೇಡ. ಆ ಮಿಷಿನ್ ಸಿಕ್ಕಿದರೆ ತೆಗೆದುಕೊಂಡು ಬಾ. ಎದೆಯ ಮೇಲೆ ಇಟ್ಟು "ಗುಡ್" ಅನ್ನು. ಈ ಸಲ ಫೋನು ನೋಡಬೇಡ, ಅವರನ್ನು ನೋಡು. ಮಿಹಿರ್ ಬಾಬು ಹೇಳುವಂತೆ ಪೊಯ್ಲಾ ಬೈಶಾಖ್ ವರೆಗೆ ಉಳಿಯುವುದೂ ಅನುಮಾನ. ಆ ಹೊಸವರ್ಷದ ಹಬ್ಬಕ್ಕೆ ಇನ್ನು ಐದು ವಾರ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮುಟ್ಟಿದವರೆಲ್ಲ ಗುಣವಾಗಲಿ. ಕೋಪದಲ್ಲಿ ಬರೆದಿದ್ದರೂ ಈ ಹಾರೈಕೆ ನಿಜವಾದದ್ದು.

ನಿನ್ನ ಅಮ್ಮ,
ಕೃಷ್ಣವೇಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು. ಮಿಹಿರ್ ಬಾಬುಗೆ ನಿಮ್ಮಪ್ಪ "ಇಲ್ಲ" ಎಂದದ್ದು ಸುಳ್ಳು. ಆಗಸ್ಟಿನ ಒಂದು ಶನಿವಾರ ಬಚ್ಚಲಿನಿಂದ ಬಂದು "ಕೆಂಪಗೆ ಹೋಯ್ತು ಕಣೇ, ನೋವೇನೂ ಇಲ್ಲ. ಮಗಳಿಗೆ ಹೇಳ್ಲಾ?" ಎಂದು ನನ್ನನ್ನು ಕೇಳಿದ್ದರು. ನಾನೇ "ಥೂ, ಹೆಣ್ಣುಮಗಳ ಹತ್ರ ಇದನ್ನೆಲ್ಲ ಹೇಳ್ತಾರಾ? ಬೀಟ್‌ರೂಟ್ ಪಲ್ಯ ತಿಂದಿದ್ರಲ್ಲ, ಅದೇ. ನಾಳೆ ಹೇಗೂ ನೋಡ್ತಾಳೆ, ಏನಾದ್ರೂ ಇದ್ರೆ ಕಾಣತ್ತೆ ಬಿಡಿ" ಎಂದೆ. ಮರುದಿನ ನೀನು "ನಾರ್ಮಲ್" ಎಂದೆ. ನಾನು ಪಾಯಸ ಮಾಡಿದೆ. ಮೂವರೂ ಕೂತು ತಿಂದೆವು.

ಬೇಗ ಬಾರೇ. ಅವರ ಎದುರು ಒಬ್ಬಳೇ ಕೂರಲು ನನಗೆ ಆಗುತ್ತಿಲ್ಲ.