ಅಂಗಳದಲ್ಲಿ ಬಿಚ್ಚಿದ ವಾಟರ್ ಪಂಪು

ಮಳಖೇಡ,
ಭಾನುವಾರ, 16 ನವೆಂಬರ್ 2025

ಪ್ರೀತಿಯ ಸುಶ್ಮಿತವ್ವಾ,

ಆರಾಮ ಇದ್ದೀಯಾ? ನಿನ್ನ ತಾಯಿಯ ಮೊಣಕಾಲು ನೋವು ಹೇಗಿದೆ? ಚಿಮ್ಮನಚೋಡದಲ್ಲಿ ಆಗಲೇ ಚಳಿ ಬಿದ್ದಿರಬೇಕು. ಬೆಳಿಗ್ಗೆ ಅವರಿಗೆ ತಣ್ಣೀರು ಮುಟ್ಟಲು ಬಿಡಬೇಡ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಅತ್ತೆ ಯಂಕಮ್ಮ ನನ್ನೊಡನೆ ಅರ್ಧ ಮಾತಾಡುತ್ತಾಳೆ. ನಿನ್ನ ಗಂಡ ಅಮರನಾಥ ಪಾಳಿ ಮುಗಿಸಿ ಬಂದು ಅಷ್ಟನ್ನೂ ಆಡುವುದಿಲ್ಲ. ಈ ಸುದ್ದಿಯನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಹಚ್ಚಿದೆ. ಮೂರು ಸಲವೂ ನೀನು “ಹೂಂರಿ ಮಾವಾ, ಆರಾಮ್ ಅದೀನ್ರಿ” ಎಂದು ಎಷ್ಟು ಮರ್ಯಾದೆಯಿಂದ ಹೇಳಿದೆಯೆಂದರೆ ನಾನೂ ಆರಾಮ ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನ ಅಕ್ಷರ, ಸಂಭಾಳಿಸಿಕೊಂಡು ಓದು.

ಅವತ್ತು ನೀನು ಸೇಡಂಗೆ ಕೆಲಸಕ್ಕೆ ಹೋಗುವ ಆರು ಮಂದಿ ಹೆಣ್ಣುಮಕ್ಕಳನ್ನು ನಮ್ಮ ಓಮ್ನಿ ವ್ಯಾನಿನಲ್ಲಿ ಕೂಡಿಸಿಕೊಂಡು ಹೊರಟಿದ್ದೆ. ಅರ್ಧ ದಾರಿಯಲ್ಲಿ ಎಂಜಿನ್ ಕಾದು, ಶಾಖದ ಮುಳ್ಳು ಮೇಲೇರಿ ಆವಿ ಎದ್ದ ಕೂಡಲೇ ಅಲ್ಲೇ ನಿಲ್ಲಿಸಿ ನನಗೆ ಫೋನ್ ಮಾಡಿದೆ. ನಾನು ಬಂದವನೇ ನೋಡಲಿಲ್ಲ, ಕೇಳಲಿಲ್ಲ, ಅವರೆಲ್ಲರ ಎದುರಿಗೇ, “ನೀರು ನೋಡದಂಗ ಓಡಸೀದಿ. ಹೆಣ್ಣಮಕ್ಕಳ ಕೈಯಾಗ ಎಂಜಿನ್ ಕೊಟ್ರ ಹಿಂಗೇ ಆಗತದ” ಎಂದುಬಿಟ್ಟೆ. ನೀನು ಮರುದಿನ ತಾಯಿಗೆ ಕಾಲು ನೋವೆಂದು ಚೀಲ ಹಿಡಿದು ಬಸ್ ಹತ್ತಿದೆ. ಆ ನೋವು ನಿಜವೇ ಇದ್ದೀತು. ಆದರೆ ಅದಕ್ಕಿಂತ ಮೊದಲು ಯಾರಿಗೆ ನೋವಾಗಿತ್ತೆಂದು ನಿನ್ನ ಅತ್ತೆ ಎರಡು ಹೊತ್ತೂ ನನಗೆ ರೊಟ್ಟಿಯ ಜೊತೆಗೇ ಬಡಿಸುತ್ತಿದ್ದಾಳೆ.

ನಾನು ಹೇಳಿದ್ದೇ ಸರಿ ಎಂದು ತೋರಿಸುವ ಹಟ ನನಗೆ. ಗ್ಯಾರೇಜಿಗೆ ಏಕೆ, ಮನೆಯಲ್ಲೇ ಬಿಚ್ಚುತ್ತೇನೆಂದು ವ್ಯಾನನ್ನು ಅಂಗಳಕ್ಕೆ ಎಳೆಸಿ ತಂದೆ. ಗುರುವಾರ ಸೇಡಂನ ಮೆಕ್ಯಾನಿಕ್ ಮಜೀದಸಾಬರನ್ನು ಕರೆಸಿದೆ. ಪಾಪ, ಬಚ್ಚಲಲ್ಲಿ ಜಾರಿ ಬಿದ್ದು ಅವರ ಬಲಗೈ ಪ್ಲಾಸ್ಟರಿನಲ್ಲಿದೆ. ಬಾಯಿಗೆ ಮಾತ್ರ ಪ್ಲಾಸ್ಟರ್ ಹಾಕಿಲ್ಲ. ಬೇವಿನ ಗಿಡದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಅವರ ಮಾತು, ನನ್ನ ಕೈ, ಯಂಕಮ್ಮನ ಬ್ಯಾಟರಿ ಬೆಳಕು. ಹೀಗೆ ಮೂವರೂ ಸೇರಿ ಒಬ್ಬ ಮೆಕ್ಯಾನಿಕ್ ಆದೆವು.

ಮೊದಲು ರೇಡಿಯೇಟರಿನ ನೀರು ಇಳಿಸಿದೆ. ತಳದಲ್ಲಿ ಒಂದು ಲೋಟ ಕೆಂಪು ರಾಡಿ ಬೀಳುತ್ತದೆಂದು ನಾನು ಕಾದಿದ್ದರೆ, ಕೂಲಂಟ್ ಬೆರೆತ ಸ್ವಚ್ಛ ಹಸಿರು ನೀರು ಬೋಗುಣಿಯ ಅರ್ಧಕ್ಕೂ ಮೇಲೆ ಬಂತು. ಮಜೀದಸಾಬರು ಬಗ್ಗಿ ನೋಡಿ, “ಹುಡುಗಿ ನೀರು ಬರಾಬರ್ ಹಾಕ್ಯಾಳ” ಎಂದರು. ನಾನು ಕೇಳಿಸದವನ ಹಾಗೆ ಸ್ಪ್ಯಾನರ್ ಹುಡುಕಿದೆ. ಮುಂದೆ ನೀನೇ ಬಿಚ್ಚಬೇಕಾದೀತೆಂದು ಇದನ್ನು ಬರೆಯುತ್ತಿದ್ದೇನೆ: ಸೀಟು ಎತ್ತಿ, ಪಂಪನ್ನು ತಿರುಗಿಸುವ ಹೊರಗಿನ ಫ್ಯಾನ್ ಬೆಲ್ಟು ತೆಗೆದರೆ ಎಂಜಿನ್ನಿನ ಮುಖಕ್ಕೆ ಟೈಮಿಂಗ್ ಕವರ್ ಕಾಣುತ್ತದೆ. ಅದರ ಹಿಂದೆ ಹಲ್ಲಿನ ಬೆಲ್ಟು, ಅದರ ಹಿಂದೆ ವಾಟರ್ ಪಂಪು. ಕವರಿನ ಬೋಲ್ಟುಗಳಲ್ಲಿ ಕೆಲವು ಗಿಡ್ಡ, ಕೆಲವು ಉದ್ದ. ಅದಲು ಬದಲಾಗಬಾರದೆಂದು ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ತೂತಿದ್ದಲ್ಲೇ ಅವನ್ನು ಚುಚ್ಚಿಟ್ಟೆ. ಎಲ್ಲ ಬಂತೆಂದು ಕವರನ್ನು ಜೋರಾಗಿ ಎಳೆದೆ. “ಅರೇ ಅಂಬರಾಯಣ್ಣಾ, ಜರಾ ಠೈರೋ! ಕೆಳಗ ಇನ್ನೊಂದು ಬೋಲ್ಟ್ ಅದ, ಕಾಣವಲ್ದೇನು?” ಎಂದು ಮಜೀದಸಾಬರು ಕೂಗುವಷ್ಟರಲ್ಲಿ ಕವರಿನ ಮೂಲೆ ಚಟ್ಟೆಂದಿತು. ಸಣ್ಣ ಸೀಳು, ಹಾಗೇ ನಡೆಯುತ್ತದೆ.

ಹಲ್ಲಿನ ಬೆಲ್ಟು ತೆಗೆಯುವ ಮೊದಲು ಮೇಲಿನ ಚಕ್ರ, ಕೆಳಗಿನ ಚಕ್ರಗಳ ಗುರುತು ಕೂಡಿಸಿ ಬಣ್ಣ ಹಚ್ಚಬೇಕು. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ತಾಳ ತಪ್ಪುತ್ತದೆ. ಮನೆಯಲ್ಲಿ ಬಣ್ಣವೆಲ್ಲಿ? ಯಂಕಮ್ಮ ಒಳಗಿನಿಂದ ನಿನ್ನ ಗುಲಾಬಿ ನೇಲ್ ಪಾಲಿಶ್ ತಂದಳು. ಶೀಶೆ ಮುಕ್ಕಾಲು ಖಾಲಿಯಾಗಿದೆ, ಸಿಟ್ಟಾಗಬೇಡ. ಎಂಜಿನ್ ಮಾತ್ರ ಮದುವಣಗಿತ್ತಿಯ ಹಾಗೆ ಕಾಣುತ್ತಿದೆ.

ಕೊನೆಗೆ ಪಂಪು ಕೈಗೆ ಬಂತು. ಒಳಗಿನ ರೆಕ್ಕೆಗಳಿಗೆ ಒಂದು ಚೂರೂ ತುಕ್ಕಿಲ್ಲ. ಆದರೆ ನಡುವಿನ ದಂಡ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಬೇರಿಂಗ್ ಪೂರಾ ಹೋಗಿತ್ತು, ನೀರು ಸೋರಿದ್ದು ಅಲ್ಲಿಂದಲೇ. ಮಜೀದಸಾಬರು ಎಡಗೈಯಲ್ಲಿ ಅದನ್ನು ತಿರುವಿ ನೋಡಿದರು. “ಫ್ಯಾನ್ ಬೆಲ್ಟ್ ಇಷ್ಟು ಬಿಗಿ ಯಾರ್ ಮಾಡ್ಯಾರ? ಎಳದು ಎಳದು ಬೇರಿಂಗಿನ ಜೀವ ತಗದಾರ.” ನಾನು ಬೇವಿನ ಗಿಡದ ಕಡೆ ನೋಡಿದೆ. ನಿನ್ನ ಅತ್ತೆ ಬ್ಯಾಟರಿಯನ್ನು ನನ್ನ ಮುಖಕ್ಕೇ ಹಿಡಿದು, “ಇವ್ರೇ ರೀ. ದಸರಾದಾಗ ಕಬ್ಬಿಣದ ಹಾರಿ ಹಚ್ಚಿ ಬಿಗದಾರ” ಎಂದಳು.

ಹೌದವ್ವಾ, ಗಾಡಿ ಪೂಜೆಯ ದಿನ ಬೆಲ್ಟು ಕಿರ್ ಎನ್ನುತ್ತಿದೆಯೆಂದು ಬಿಗಿದವನು ನಾನೇ. ಕಾರ್ಖಾನೆಯಲ್ಲಿ ಆಳೆತ್ತರದ ಚಕ್ರಗಳಿಗೆ ಬೆಲ್ಟು ಏರಿಸಿದವನಿಗೆ ಇದು ಯಾವ ದೊಡ್ಡ ಕೆಲಸ ಎಂಬ ಸೊಕ್ಕು. ಮಜೀದಸಾಬರು ನಕ್ಕು ಹೊಟ್ಟೆ ಹಿಡಿದುಕೊಂಡರು, ಆಮೇಲೆ ನಗು ನಿಲ್ಲಿಸಿ, “ಮುಳ್ಳು ಮ್ಯಾಲೆ ಹೋದ ಕೂಡ್ಲೆ ಸೊಸಿ ಬಂದ್ ಮಾಡ್ಯಾಳ, ಅದಕ್ಕ ಎಂಜಿನ್ ಉಳದದ. ನೀವಾಗಿದ್ರ ಸೇಡಂ ತನಕ ಓಡಸ್ತಿದ್ರಿ” ಎಂದರು. ಅದೂ ನಿಜ. ನಾನಾಗಿದ್ದರೆ ಓಡಿಸುತ್ತಿದ್ದೆ.

ಅಮರನಾಥ ಶುಕ್ರವಾರ ಕಲಬುರಗಿಯಿಂದ ಹೊಸ ಪಂಪು ತಂದ. ಪಂಪು ಕೂಡುವ ಜಾಗಕ್ಕೆ ಅಂಟಿದ್ದ ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆದು, ಪಂಪು ಕೂಡಿಸಿ, ಗುಲಾಬಿ ಗುರುತು ನೋಡಿ ಹಲ್ಲಿನ ಬೆಲ್ಟು ಏರಿಸಿದೆವು. ಫ್ಯಾನ್ ಬೆಲ್ಟನ್ನು ಮಜೀದಸಾಬರು ನನಗೆ ಮುಟ್ಟಗೊಡಲಿಲ್ಲ. ಯಂಕಮ್ಮನ ಕೈಯಲ್ಲಿ ಒತ್ತಿಸಿ ನೋಡಿ ಬಿಗಿ ಮಾಡಿಸಿದರು! ನೀರು ತುಂಬಿದ ಮೇಲೆ ಮೊದಲ ಚಾವಿಗೇ ಎಂಜಿನ್ ಎದ್ದಿತು. ಆ ಸಂಭ್ರಮಕ್ಕೆ ಚಿತ್ತಾಪುರದವರೆಗೆ ಹೋಗಿ, ಮಿರ್ಚಿ ಭಜಿ ತಿಂದು ಬಂದೆವು. ಮುಳ್ಳು ಅರ್ಧ ದಾಟಲಿಲ್ಲ. ನಿನ್ನ ಅತ್ತೆ ದಾರಿಯುದ್ದಕ್ಕೂ ಮುಳ್ಳನ್ನೇ ನೋಡಿದಳು, ಬರುವಾಗ ಮಾತ್ರ ಪೂರ್ತಿ ಮಾತಾಡಿದಳು.

ನಿನ್ನೆ ಬೆಳಿಗ್ಗೆ ನಿನ್ನ ಆರು ಮಂದಿಯೂ ಬಸ್ಸಿಗೆ ನಿಂತಿದ್ದರು. ನಾನು ಹೋಗಿ, “ಅವತ್ತು ನಿಮ್ಮೆದುರಿಗಿ ಸೊಸಿಗಿ ಅಂದದ್ದು ಸುಳ್ಳು. ಗಾಡಿ ಕೆಡಸ್ದಾವ ನಾನು, ಉಳಿಸ್ದಾಕಿ ಆಕಿ” ಎಂದೆ. ಬಸ್ಸಿಗೆ ನಿಂತಿದ್ದ ಗಂಡಸರೂ ಕೇಳಿಸಿಕೊಂಡರು, ಕೇಳಲಿ. ಆ ಆರರಲ್ಲೊಬ್ಬಳಾದ ನರ್ಸ್ ಭಾಗ್ಯ ನನ್ನನ್ನೇ ನೋಡಿ, “ಕಾಕಾ, ಇದು ನಮಗ್ಯಾಕ ಹೇಳಾಕತ್ತೀರಿ? ಆಕಿಗಿ ಹೇಳ್ರಿ” ಎಂದಳು. ಮನೆಗೆ ಬಂದು ಪೆನ್ನು ಹುಡುಕಿದೆ.

ನಿನ್ನ ತಾಯಿ ತಂದೆಯವರಿಗೆ ನನ್ನ ಶರಣು. ನಿನ್ನ ಅತ್ತೆ ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಾಳೆ, ಎಲ್ಲರೂ ತಿನ್ನಿರಿ. ಹೋದಲ್ಲೆಲ್ಲ ತಲೆ ಎತ್ತಿ ಬಾಳು, ತಾಯಿ.

ನಿನ್ನ ಮಾವ,
ಅಂಬರಾಯ

ತಾ.ಕ.: ತಪ್ಪಾಯಿತವ್ವಾ. ಇಷ್ಟು ಪುಟ ಸುತ್ತಿ ಬಂದರೂ ಈ ಒಂದು ಮಾತು ಇಳಿದಿರಲಿಲ್ಲ. ಅಮರನಾಥ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಗಡಿಬಿಡಿ ಮಾಡುತ್ತಿದ್ದಾನೆ, ಈಗ ಬರೆದೆ. ಈ ಕಾಗದದ ಜೊತೆ ಅವನು ವ್ಯಾನು ತರುತ್ತಿದ್ದಾನೆ. ನಿನ್ನನ್ನು ಕರೆತರಲು ಅಲ್ಲ. ವ್ಯಾನು ನಿನ್ನ ಹತ್ತಿರ ಬಿಟ್ಟು ಅವನು ಸಂಜೆ ಬಸ್ಸಿಗೆ ಒಬ್ಬನೇ ವಾಪಸ್ ಬರುತ್ತಾನೆ. ಇವತ್ತೇ ನಡಿ ಎಂದು ಗಂಟು ಬಿದ್ದರೆ ಕೇಳಬೇಡ. ನಿನಗೆ ಬರಬೇಕೆನಿಸಿದ ದಿನ ನೀನೇ ಓಡಿಸಿಕೊಂಡು ಬಾ.