ಹೆಸರು ನಿನ್ನದು, ಕೈ ನನ್ನದು

ಭದ್ರಾವತಿ
೯-೪-೨೦೦೫

ಶ್ರೀಮತಿ ಶಂಕರಮ್ಮನವರಿಗೆ ಕರೀಮಾಬಿ ಮಾಡುವ ನಮಸ್ಕಾರಗಳು.

ನಿಮ್ಮ ವಕೀಲರು ನನಗೆ ಹೀಗೇ ಬರೆದಿದ್ದರು, ನಾನೂ ಬರೆದು ನೋಡಿದೆ. ಆಗುವುದಿಲ್ಲ ಶಂಕರಿ. ಆಲ್ಕೊಳದ ವಠಾರದಲ್ಲಿ ಒಂದೇ ನಲ್ಲಿಗೆ ಕೊಡ ಹಿಡಿದವರು ನಾವು. ಬಹುವಚನದಲ್ಲಿ ಜಗಳವಾಡಲು ನನಗೆ ಬರುವುದಿಲ್ಲ.

ನೋಟೀಸು ಕಳೆದ ವಾರ ಬಂತು. ‘ಶಂಕರಮ್ಮನ ಕೈ ಶಾವಿಗೆ’ ಎಂಬ ಹೆಸರೂ, ಪ್ಯಾಕೆಟ್ಟಿನ ಮೇಲಿನ ಬಳೆ ತೊಟ್ಟ ಕೈಯ ಚಿತ್ರವೂ ನಿನ್ನ ಮಗ ಮಧು ರಿಜಿಸ್ಟರ್ ಮಾಡಿಸಿದ ಟ್ರೇಡ್ ಮಾರ್ಕಂತೆ. ನಾನು ಅವನ್ನು ಕದ್ದು ಬಳಸುತ್ತಿದ್ದೇನಂತೆ. ಹದಿನೈದು ದಿನದೊಳಗೆ ನಿಲ್ಲಿಸಬೇಕು, ಇರುವ ಪ್ಯಾಕೆಟ್ಟುಗಳನ್ನು ಒಪ್ಪಿಸಬೇಕು, ಇಲ್ಲವಾದರೆ ಕೋರ್ಟು. ನನ್ನ ಮಗಳು ನೌರೀನ್ ಗಟ್ಟಿಯಾಗಿ ಓದುತ್ತಿದ್ದವಳು ‘ಕದ್ದು’ ಎಂಬಲ್ಲಿ ದನಿ ತಗ್ಗಿಸಿದಳು. ನಿನ್ನ ಮಡಿಲಲ್ಲಿ ಆಡಿ ಬೆಳೆದ ಹುಡುಗಿ ಅದು.

ನಾನೇ ಬಸ್ಸು ಹತ್ತಿ ಬಂದು ನಿನ್ನ ಬಾಗಿಲಲ್ಲಿ ನಿಂತು ಬೈಯಬೇಕಿತ್ತು. ಸದ್ಯಕ್ಕೆ ಮನೆ ಬಿಟ್ಟು ಹೊರಡುವಂತಿಲ್ಲ. ಯಾಕೆಂದು ಕೇಳಬೇಡ.

ಹೆಸರಿನ ಮಾತು ಒಪ್ಪುತ್ತೇನೆ. ನಿನ್ನ ಹೆಸರು ಹಾಕೋಣ ಎಂದವಳು ನಾನೇ. ತೊಂಬತ್ತೆರಡರಲ್ಲಿ ನಿನ್ನ ಯಜಮಾನರು ತೀರಿಹೋಗಿ ನೀನು ಮೂಲೆ ಹಿಡಿದು ಕೂತಿದ್ದೆ. ನಾವು ರಂಜಾನಿಗೆಂದು ಹೊಸೆಯುತ್ತಿದ್ದ ಶಾವಿಗೆಯನ್ನು ನಿನ್ನ ಮುಂದಿಟ್ಟು, ಇದನ್ನೇ ಇಬ್ಬರೂ ಸೇರಿ ಮಾರೋಣ ಎಂದೆ. ಕರೀಮಾಬಿ ಎಂದು ಬರೆಸಿದರೆ ಸವಳಂಗ ರಸ್ತೆಯ ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ, ಶಂಕರಮ್ಮ ಎಂದರೆ ಮಡಿವಂತರೂ ಕೊಳ್ಳುತ್ತಾರೆ ಎಂದು ಜಾಣತನ ತೋರಿಸಿದ್ದೂ ನಾನೇ. ಆಗ ಅದಕ್ಕೆ ಬೀಗಿದ್ದೆ ಬೇರೆ.

ಆದರೆ ಕೈ? ಪುಟ್ಟಣ್ಣನ ಸ್ಟುಡಿಯೋ ನೆನಪಿದೆಯಾ? ನಿನ್ನ ಕೈಯ ಫೋಟೋ ತೆಗೆಸಲೆಂದೇ ಹೋಗಿದ್ದೆವು. ನೀನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, “ಬೋಳು ಕೈ ನೋಡಿ ಹಬ್ಬಕ್ಕೆ ಯಾರು ಶಾವಿಗೆ ತಗೋತಾರೆ ಮಾರಾಯ್ತಿ? ನಿನ್ ಕೈ ಇಡು” ಎಂದೆ. ನಾನು ಹಸಿರು ಬಳೆ ತೊಟ್ಟು, ಮಣೆಯ ಮೇಲೆ ಎಳೆ ಹಿಡಿದು ಕೂತೆ. ಹೆಬ್ಬೆರಳ ಬುಡದ ಸುಟ್ಟ ಕಲೆ ಸಹಿತ ಚಿತ್ರದಲ್ಲಿದೆ. ಹೊರಗೆ ಬಂದ ಮೇಲೆ ನೀನು ರಸ್ತೆಯಲ್ಲೇ ನನ್ನ ಹೆಗಲಿಗೆ ತಲೆಯಿಟ್ಟು ಅಳುತ್ತಿದ್ದೆ. ಮುಂದೆ ನಮ್ಮವರು ಇಲ್ಲಿ ಭದ್ರಾವತಿಗೆ ಬಂದು ಗ್ಯಾರೇಜು ಹಾಕಿದಾಗ, “ಅಲ್ಲಿ ನೀನು ಮಾರು, ಇಲ್ಲಿ ನಾನು ಮಾರ್ತೀನಿ, ಪ್ಯಾಕೆಟ್ ಒಂದೇ ಇರ್ಲಿ” ಎಂದವಳೂ ನೀನೇ. ಇದರಲ್ಲಿ ಕಳ್ಳತನ ಯಾವುದು ಹೇಳು.

ಇನ್ನು ಆ ಕಾಗದ. ಮೂರು ವರ್ಷದ ಹಿಂದೆ ನೀನೂ ಮಧುವೂ ಒಂದು ಛಾಪಾ ಕಾಗದ ತಂದಿರಿ. ಶಾವಿಗೆ ಮೆಷಿನ್ನಿನ ಸಾಲಕ್ಕೆ ಬ್ಯಾಂಕಿನವರು ಕೇಳಿದ್ದಾರೆ, ಸಹಿ ಹಾಕು ಎಂದಿರಿ. ನಾನು ಕನ್ನಡಕ ಹುಡುಕುತ್ತಿದ್ದೆ. “ಓದ್ತೀಯಾ? ಓದು ಓದು. ನನ್ ಮೇಲೆ ಇಷ್ಟೇನಾ ನಂಬ್ಕೆ” ಎಂದು ನೀನು ಮುಖ ತಿರುಗಿಸಿದೆ. ಮನೆಗೆ ಬಂದ ಗೆಳತಿಯ ಎದುರೇ ಕೂತು ಕಾಗದ ಓದಿದರೆ ಅವಳನ್ನು ಕಳ್ಳಿ ಎಂದ ಹಾಗಲ್ಲವೇ? ಕನ್ನಡಕ ಗೂಡಿನಲ್ಲೇ ಉಳಿಯಿತು. ಆ ಹೆಸರಿನ ಮೇಲಾಗಲಿ ಚಿತ್ರದ ಮೇಲಾಗಲಿ ನನಗೆ ಯಾವ ಹಕ್ಕೂ ಇಲ್ಲವೆಂದು ನಾನೇ ಒಪ್ಪಿ ಸಹಿ ಹಾಕಿದ್ದೇನೆ. ಅದರ ಜೆರಾಕ್ಸು ನೋಟೀಸಿನ ಜೊತೆ ಬಂದಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಮಧು ನಿನಗೂ ಓದಿ ಹೇಳಿರಲಿಲ್ಲವೇನೋ ಎಂದು ಎರಡು ದಿನ ಸಮಾಧಾನ ಮಾಡಿಕೊಂಡೆ. ಆದರೆ ನೋಟೀಸು ನಿನ್ನ ಹೆಸರಿನಲ್ಲೂ ಇದೆಯಲ್ಲ.

ನೌರೀನ್ ವಕೀಲ ವಿಶ್ವಾರಾಧ್ಯರ ಹತ್ತಿರ ಹೋಗಿ ಬಂದಳು. “ಇಷ್ಟು ವರ್ಷ ಒಟ್ಟಿಗೆ ವ್ಯಾಪಾರ ಮಾಡಿದಾರೆ, ಪಾಲುದಾರಿಕೆ ಅಂತ ಒಂದು ಚೀಟಿನೂ ಬರ್ಕೊಂಡಿಲ್ವೇನಮ್ಮ” ಎಂದು ಅವರು ಹಣೆ ಚಚ್ಚಿಕೊಂಡರಂತೆ. ಮೋಸದಿಂದ ಸಹಿ ಹಾಕಿಸಿದ್ದೆಂದು ವಾದಿಸಬಹುದು, ಗೆಲ್ಲುತ್ತೇವೆಂದು ಹೇಳಲಾರೆ, ಪುರಾವೆ ತನ್ನಿ ಎಂದರಂತೆ. ಪುಟ್ಟಣ್ಣ ಹಳೆಯ ನೆಗೆಟಿವ್ ಹುಡುಕಿಕೊಟ್ಟಿದ್ದಾನೆ. ಕವರಿನ ಮೇಲೆ ತಾರೀಖಿದೆ, ‘ಕರೀಮಾಬಿಯವರ ಕೈ’ ಎಂದು ಅವನದೇ ಅಕ್ಷರವಿದೆ.

ಶಾವಿಗೆ ನಿಂತರೆ ನಮ್ಮ ಮನೆಯ ಒಲೆ ಹತ್ತುವುದಿಲ್ಲ. ಗ್ಯಾರೇಜಿಗೆ ಬೀಗ ಬಿದ್ದಿದೆ. ಅದಕ್ಕೇ ನೋಟೀಸಿಗೆ ಉತ್ತರ ಬರೆಸಿದ್ದೇನೆ. ನಿನ್ನ ಹೆಸರು ನಿನಗೇ ಇರಲಿ, ಬೇಡ ನನಗೆ. ಕೈಯನ್ನು ಮಾತ್ರ ಬಿಡುವುದಿಲ್ಲ. ನನ್ನ ಪ್ಯಾಕೆಟ್ಟಿನ ಮೇಲೆ ಅದೇ ಚಿತ್ರ ಇರುತ್ತದೆ, ಕೆಳಗೆ ಕರೀಮಾಬಿ ಎಂದಿರುತ್ತದೆ. ನಮ್ಮ ಮಾಲು ಇಟ್ಟುಕೊಳ್ಳುವ ಅಂಗಡಿಯ ಉಜ್ಜನಪ್ಪ, “ಚಿತ್ರ ಇರ್ಲಿ, ಹೆಸರು ಮಾತ್ರ ಇನ್ನೊಂದ್ಸಲ ಯೋಚ್ನೆ ಮಾಡೋಕ್ಕೆ ಹೇಳಮ್ಮ” ಎಂದು ನೌರೀನ್ ಹತ್ತಿರ ಹೇಳಿಕಳಿಸಿದ್ದಾನೆ. ಹದಿಮೂರು ವರ್ಷ ಅದನ್ನೇ ಯೋಚಿಸಿ ಹಾಳಾದೆ.

ಮಧುವಿನ ಮೆಷಿನ್ ಶಾವಿಗೆಯ ಮೇಲಿಂದ ನನ್ನ ಕೈ ತೆಗೆಸು. ಇಲ್ಲದಿದ್ದರೆ ಜಡ್ಜರ ಎದುರು ನಾನು ಇದನ್ನು ಚಾಚುತ್ತೇನೆ. ನೀನೂ ನಿನ್ನದನ್ನು ಸೆರಗಿನಿಂದ ಹೊರಗೆ ತೆಗೆದು ಚಾಚು. ಯಾರದೆಂದು ಅವರೇ ನೋಡಿ ಹೇಳಲಿ.

ಇಂತಿ,
ಒಂದು ಕಾಲಕ್ಕೆ ನಿನ್ನವಳಾಗಿದ್ದ
ಕರೀಮಾಬಿ

ಮ.ವಿ.: ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ. ಫೆಬ್ರವರಿ ಇಪ್ಪತ್ತಕ್ಕೆ ನಮ್ಮವರು ಎದೆನೋವು ಬಂದು ತೀರಿಕೊಂಡರು. ಅವತ್ತೇ ನೌರೀನ್ ನಿಮ್ಮ ಮನೆಗೆ ಫೋನ್ ಮಾಡಿದ್ದಳು. ಮಧು ತೆಗೆದು, ಅಮ್ಮನಿಗೆ ಹೇಳ್ತೀನಿ ಎಂದನಂತೆ. ನೀನು ಬರಲಿಲ್ಲ. ನಲವತ್ತನೆಯ ದಿನದ ಅಡುಗೆ ನಡೆಯುತ್ತಿದ್ದಾಗ ನಿನ್ನ ನೋಟೀಸು ಬಂತು. ನಾನೀಗ ಇದ್ದತ್ತಿನಲ್ಲಿದ್ದೇನೆ, ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಪ್ಯಾಕೆಟ್ಟಿನ ಮೇಲಿನ ಆ ಕೈಯೂ ಈಗ ಬೋಳು. ಮಧು ನಿನಗೆ ಸುದ್ದಿ ಹೇಳಿಲ್ಲವೆಂದೇ ನಾನು ನಂಬಿದ್ದೇನೆ, ಇಷ್ಟಾದ ಮೇಲೂ. ಅದಕ್ಕೇ ಉತ್ತರವನ್ನು ಬೆಳಿಗ್ಗೆಯೇ ರಿಜಿಸ್ಟರ್ ಅಂಚೆಗೆ ಹಾಕಿಸಿ, ಆಮೇಲೆ ಈ ಪತ್ರಕ್ಕೆ ಕೂತೆ. ಓದಿದ ಕೂಡಲೇ ಓಡಿ ಬರಬೇಡ. ನೀನು ಬಂದು ಈ ಕೈ ಹಿಡಿದುಕೊಂಡರೆ, ನಾನು ಮತ್ತೆ ಓದದೆ ಸಹಿ ಹಾಕಿಬಿಡುತ್ತೇನೆ.