ಅಣ್ಣನಿಗೆ ಕಾಣದ ಹರಿಗೋಲು

ಇಸವಿ ೨೨೧೪, ಮೂರನೆಯ ಬೇಸಿಗೆ
ಕೃಷ್ಣೆಯ ಹಿನ್ನೀರಿನ ದಂಡೆಯಿಂದ

ಇನ್ನೂರು ವರ್ಷ ಹಿಂದಿನ ನಮ್ಮ ಹಿರಿಯರಿಗೆ ದಾನಮ್ಮನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಸೆಕೆ ವರ್ಷಕ್ಕೆ ಮೂರು ಸಲ ಬಂದು ಹೋಗುವುದರಿಂದ ಬೇಸಿಗೆಗಳ ಲೆಕ್ಕದಲ್ಲೇ ಕಾಲ ಗುರುತಿಸುತ್ತೇವೆ. ನಿಮಗೆ ಅಪರಿಚಿತವಾದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ತಿಳಿಯದು. ಆದರೆ ನಮ್ಮ ಮನೆತನದ ಕಣ್ಣಿಗೆ ಅಂಟಿರುವ ಕಾಯಿಲೆ ನಿಮ್ಮಿಂದಲೇ ಇಳಿದು ಬಂದಿರಬಹುದು, ನಿಮ್ಮಲ್ಲಿ ಯಾರಿಗೋ ಅದು ಈಗಾಗಲೇ ಶುರುವಾಗಿರಬಹುದು ಎಂಬ ಯೋಚನೆ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ನಮ್ಮೂರಿನಿಂದ ಆಚೆ ದಂಡೆಗೆ ರಸ್ತೆಯಿಲ್ಲ. ಸಂತೆಗೆ, ಶಾಲೆಗೆ, ಹೆರಿಗೆಗೆ, ಎಲ್ಲಕ್ಕೂ ಬಿಸಿಲುದೋಣಿಯೇ ಗತಿ. ಚಾವಣಿಯಲ್ಲಿ ಬಿಸಿಲು ಹೀರಿಕೊಂಡು ಸದ್ದಿಲ್ಲದೆ ಓಡುವ ದೊಡ್ಡ ದೋಣಿಗೆ ಹಾಗೆನ್ನುತ್ತೇವೆ. ಜೋಳದ ಚೀಲ, ಮೀನಿನ ಬುಟ್ಟಿ, ಆಡಿನ ಮರಿಗಳ ನಡುವೆ ಮಂದಿ ಒತ್ತಿಕೊಂಡು ಕೂತಿರುತ್ತಾರೆ. ತಾನೇ ದಾರಿ ಹಿಡಿಯುವ ದೋಣಿಗಳೂ ಇವೆ, ಆದರೆ ಇಲ್ಲಿ ನೀರಿನಡಿ ಮುಳುಗಿದ ಊರುಗಳ ಗೋಡೆಗಳಿರುವುದರಿಂದ ಮನುಷ್ಯನ ಕೈಯೇ ಬೇಕು. ಆ ಕೈ ನನ್ನ ಅಣ್ಣ ರಾಚಪ್ಪನದು. ಎಪ್ಪತ್ತು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದ.

ಹೋದ ವರ್ಷ ಒಂದು ಮುಂಜಾನೆ, ಮಂಜಿಲ್ಲ, ಗಾಳಿಯಿಲ್ಲ, ಮೀನುಗಾರ ಯಮನಪ್ಪ ಬಲಗಡೆಯಿಂದ ಹರಿಗೋಲಿನಲ್ಲಿ ಬರುತ್ತಿದ್ದ. ದೋಣಿಯಲ್ಲಿದ್ದವರೆಲ್ಲ ಕೂಗಿದರು. ಅಣ್ಣ ತಿರುಗಿ ನೋಡುವಷ್ಟರಲ್ಲಿ ದೋಣಿ ಬಡಿದು ಹರಿಗೋಲು ಮಗುಚಿ ಯಮನಪ್ಪ ನೀರಿನೊಳಗೆ ಹೋಗಿದ್ದ. ಹುಡುಗರು ಹಾರಿ ಎಳೆದು ತಂದರು. ಭುಜದ ಎಲುಬು ಮುರಿದಿತ್ತು, ಜೀವ ಉಳಿಯಿತು. ಮುದುಕ ತೂಕಡಿಸಿದ ಎಂದು ಜನ ಆಡಿಕೊಂಡರು. ಅಣ್ಣ ಮನೆಗೆ ಬಂದು ಮೆಲ್ಲಗೆ ಹೇಳಿದ:

"ಖರೇನ ಹೇಳ್ತೀನಿ ತಂಗಿ, ಅಲ್ಲಿ ಹರಿಗೋಲ ಇರಲಿಲ್ಲ."

ಅವನು ಸುಳ್ಳು ಹೇಳುವವನಲ್ಲ. ಹರಿಗೋಲು ಬಂದದ್ದು ಬಲಗಡೆಯಿಂದ. ಎಡಗಣ್ಣು ಮುಚ್ಚಿಕೊಂಡು ನನ್ನ ಮುಖವನ್ನೇ ನೋಡು ಎಂದೆ. ನೋಡಿದ. ಅವನ ಬಲಪಕ್ಕದಲ್ಲಿ ಕೈ ಆಡಿಸಿದೆ. ಯಾವ ಕೈ ಎಂದು ಕೇಳಿದ.

ಆರೋಗ್ಯಕಟ್ಟೆಗೆ, ಅಂದರೆ ಊರೂರಿಗೆ ಬರುವ ತೇಲುವ ಆಸ್ಪತ್ರೆಗೆ, ಮರುದಿನವೇ ಕರೆದೊಯ್ದೆ. ಡಾಕ್ಟರ್ ಸಬೀಹಾ ಹನಿ ಹಾಕಿ, ಕಣ್ಣಿನ ಪಾಪೆ ಅಗಲವಾದ ಮೇಲೆ ಒಳಗನ್ನಡಿ ಹಿಡಿದರು. ಕಣ್ಣಿನ ಒಳಗನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸುವ ಯಂತ್ರ ಅದು. ಬಲಗಣ್ಣಿನ ಮಸೂರದ ಅಂಚಿಗೆ ತಲೆಹೊಟ್ಟಿನಂಥ ಬಿಳಿ ಪುಡಿ ಹತ್ತಿತ್ತು. ವಯಸ್ಸಾದ ಮೇಲೆ ಕೆಲವರ ಕಣ್ಣಿನಲ್ಲಿ ಹೀಗೆ ಹೊಟ್ಟು ಉದುರುತ್ತದಂತೆ. ಕಣ್ಣಿನೊಳಗೆ ಸದಾ ಊರುವ ನೀರು ಹೊರಹೋಗುವ ಜರಡಿಯಲ್ಲಿ ಅದು ಕಟ್ಟಿಕೊಂಡರೆ ಒತ್ತಡ ಏರಿ, ಹಿಂದಿನ ನರ ಸಾಯತೊಡಗುತ್ತದೆ. ಇದೂ ಗ್ಲಾಕೋಮಾವೇ, ಆದರೆ ಬೇಗ ಏರುವಂಥದ್ದು, ಹೆಚ್ಚಾಗಿ ಒಂದು ಕಣ್ಣಿನಲ್ಲಿ ಮೊದಲು. ನೋಟ ಅಂಚಿನಿಂದ ಹೋಗುವುದರಿಂದ, ಇಲ್ಲದ್ದನ್ನು ಮಿದುಳು ತಾನೇ ತುಂಬಿಕೊಳ್ಳುವುದರಿಂದ, ಕಳೆದುಕೊಂಡವನಿಗೆ ಕಳೆದದ್ದೇ ತಿಳಿಯುವುದಿಲ್ಲ.

"ಹೋದದ್ದು ತಿರುಗಿ ಬರೂದಿಲ್ಲೇನ್ರಿ?" ಎಂದು ಅಣ್ಣ ಕೇಳಿದ.

"ಬರೂದಿಲ್ಲ ಕಾಕಾ. ಇದ್ದದ್ದನ್ನ ಉಳಿಸ್ಕೊಳ್ಳೋಣ."

ನಿಮ್ಮ ಕಾಲಕ್ಕಿಂತ ನಾವು ಎಷ್ಟೋ ಮುಂದೆ ಬಂದಿದ್ದೇವೆ ಎಂದುಕೊಂಡಿರುತ್ತೀರಿ. ಸತ್ತ ನರವನ್ನು ಬದುಕಿಸಲು ನಮಗೂ ಬರುವುದಿಲ್ಲ.

ಹನಿ ಶುರುವಾಯಿತು. ಜರಡಿಗೆ ಲೇಸರ್ ಬೆಳಕು ಹಾಯಿಸಿದರು. ಒತ್ತಡ ಇಳಿಯಿತು, ನಾನು ನೆಮ್ಮದಿಯಿಂದ ಉಂಡೆ. ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೆ ಏರಿತು. ಶಸ್ತ್ರಕ್ರಿಯೆ ಮಾಡಿ ನೀರಿಗೆ ಹೊಸ ದಾರಿ ಬಿಡಿಸಬೇಕು, ಅದರಲ್ಲೂ ಅಪಾಯವಿದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಣ್ಣ ಒಲ್ಲೆನೆಂದ. ಉಳಿದಷ್ಟೂ ಹೋದರೆ ಏನು ಗತಿ ಎಂಬುದು ಅವನ ಅಂಜಿಕೆ. ಹಟ ಮಾಡಿ ಮತ್ತೆ ಚುಕ್ಕಾಣಿ ಹಿಡಿಯುತ್ತೇನೆಂದು ಹೊರಟ. ದೋಣಿಕಟ್ಟೆಯ ದಾರಿಯಲ್ಲಿ ಯಮನಪ್ಪನ ಮನೆ. ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದ ಆತ ಕರೆದು ಕೂಡಿಸಿಕೊಂಡ.

"ಕಾಕಾ, ನೀವು ತೂಕಡಿಸಿದ್ರಿ ಅಂತ ಮಂದಿ ಅಂತಾರ. ನಾ ನೋಡೇನಿ, ನಿಮ್ಮ ಕಣ್ಣು ತೆರದಿದ್ದವು. ನನಗ ಅಂಜಿಕಿ ಆಗಿದ್ದು ಅದಕ್ಕ."

ಅಣ್ಣ ಅಲ್ಲಿಂದಲೇ ತಿರುಗಿ ಬಂದ. ದೋಣಿಯ ಕೀಲಿಯನ್ನು ಪಂಚಾಯಿತಿಗೆ ಒಪ್ಪಿಸಿ, ಶಸ್ತ್ರಕ್ರಿಯೆಗೆ ಯಾವತ್ತು ಹೋಗೋಣ ಎಂದು ನನ್ನನ್ನೇ ಕೇಳಿದ. ಆ ಸಂಜೆ ಅವನು ನೀರಿನ ಕಡೆ ನೋಡಲಿಲ್ಲ.

ಹೊಸ ದಾರಿ ಸದ್ಯಕ್ಕೆ ಹಿಡಿದಿದೆ. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟೇ ನೋಟ ಉಳಿದಿದೆ. ಎಡಗಣ್ಣಿನಲ್ಲೂ ಒತ್ತಡ ಏರತೊಡಗಿದ್ದರಿಂದ ದಿನವೂ ಹನಿ ತಪ್ಪುವಂತಿಲ್ಲ. ಪ್ರತಿ ಸಲ ಒತ್ತಡ ಅಳೆಯುವಾಗ ನಾನು ಡಾಕ್ಟರ ಮುಖವನ್ನೇ ನೋಡುತ್ತೇನೆ.

ಒಡಹುಟ್ಟಿದವಳೆಂದು ನನ್ನ ಕಣ್ಣನ್ನೂ ನೋಡಿದರು. ಎಡಗಣ್ಣಿನ ಮಸೂರದ ಮೇಲೆ ಅದೇ ಬಿಳಿ ಪುಡಿ. ಒತ್ತಡ ಇನ್ನೂ ಏರಿಲ್ಲ. ಏರದೆಯೂ ಇರಬಹುದು, ಮುಂದಿನ ತಿಂಗಳೇ ಏರಲೂಬಹುದು, ಬರುತ್ತಲೇ ಇರಬೇಕು ಎಂದಿದ್ದಾರೆ. ಅಂದಿನಿಂದ ರೊಟ್ಟಿ ತಟ್ಟುವಾಗಲೂ ಒಂದೊಂದೇ ಕಣ್ಣು ಮುಚ್ಚಿ ಒಲೆಯ ಅಂಚು ಕಾಣುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ. ಅದರಿಂದ ಏನೂ ತಿಳಿಯುವುದಿಲ್ಲವೆಂದು ಗೊತ್ತು, ಆದರೂ ಬಿಡಲಾಗುತ್ತಿಲ್ಲ.

ಹಿರಿಯರೇ, ನಿಮ್ಮ ಹತ್ತಿರವೂ ಹನಿ ಇದೆ, ಲೇಸರ್ ಇದೆ, ಶಸ್ತ್ರಕ್ರಿಯೆ ಇದೆ. ಇಲ್ಲದಿರುವುದು ಬಿಡುವೊಂದೇ. ಅರವತ್ತಾದವರು ಹೋಗಿ ಕಣ್ಣಿನ ಒತ್ತಡ ಅಳೆಸಿಕೊಳ್ಳಿ, ಹನಿ ಹಾಕಿಸಿ ಮಸೂರದ ಅಂಚನ್ನೂ ಹಿಂದಿನ ನರವನ್ನೂ ತೋರಿಸಿಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರೂ ಹೋಗಿ. ಚೆನ್ನಾಗಿ ಕಾಣುತ್ತಿದೆಯಲ್ಲ ಎಂದು ಕೂರಬೇಡಿ. ನೋವಾದಾಗ ನೋಡೋಣ ಎಂದೂ ಕಾಯಬೇಡಿ.

ಬಹಳ ಸಲ ನೋವು ಬರುವುದೇ ಇಲ್ಲ.

ನಿಮ್ಮ ಕುಡಿ,
ದಾನಮ್ಮ